ಕಡಲಾಚೆಯ ಮಡಿಲು: ಕೇರಳದ ಕಂದಮ್ಮಗಳನ್ನು ಅರಸಿ ಬರುವ ವಿದೇಶಿ ತಂದೆ-ತಾಯಂದಿರು

ಕೊಚ್ಚಿಯ ನೆಡುಂಬಾಶ್ಶೇರಿ ಮತ್ತು ತಿರುವನಂತಪುರದ ವಿಮಾನ ನಿಲ್ದಾಣಗಳಲ್ಲಿ ಇಳಿಯುವ ವಿದೇಶಿಯರಲ್ಲಿ ಹೆಚ್ಚಿನವರು ಆಲಪ್ಪುಳದ ದೋಣಿಮನೆಗೋ ಮುನ್ನಾರಿನ ಚಹಾತೋಟಕ್ಕೋ ಕೋವಳಂ ಕಡಲ ತೀರಕ್ಕೋ ಹೊರಟವರು. ಅಪರೂಪಕ್ಕೊಮ್ಮೆ ಅವರ ನಡುವೆ ಬೇರೆಯೇ ಕಾರಣಕ್ಕೆ ಬಂದ ದಂಪತಿ ಇರುತ್ತಾರೆ. ಅವರ ಪೆಟ್ಟಿಗೆಯಲ್ಲಿ ಪುಟ್ಟ ಅಂಗಿ, ಆಟಿಕೆ, ಒಂದು ದಪ್ಪ ಕಾಗದದ ಕಟ್ಟು. ಬರುವಾಗ ಇಬ್ಬರು, ಹಿಂದಿರುಗುವಾಗ ಮೂವರು. ಒಡಹುಟ್ಟಿದ ಮಕ್ಕಳನ್ನು ಸ್ವೀಕರಿಸಿದರೆ ನಾಲ್ವರು.

ಹೆತ್ತವರಿಲ್ಲದ ಮಗುವಿಗೆ ದೂರದೇಶದಿಂದ ತಂದೆ-ತಾಯಿ ಬಂದರೆಂದರೆ ಕೇಳುವ ಯಾರಿಗೂ ಮನಸ್ಸು ತುಂಬಿ ಬರುವುದು ಸಹಜ. ಪತ್ರಿಕೆಗಳಲ್ಲಿ ಅಚ್ಚಾಗುವುದೂ ಆ ಸಂತೋಷದ ಗಳಿಗೆಯ ಚಿತ್ರವೇ. ಆದರೆ ಆ ಗಳಿಗೆಗೆ ಮೊದಲು ಮತ್ತು ಆಮೇಲೆ ನಡೆಯುವ ಕೆಲಸದ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಮೂರು ದಶಕ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನ್ನಂಥವನಿಗೆ ಕಾಗದಪತ್ರ ಎಂದರೇನೆಂದು ತಿಳಿದಿದೆ. ಒಂದು ಸಹಿ ತಪ್ಪಿದರೆ ನಮ್ಮಲ್ಲಿ ಹಣ ತಡವಾಗಬಹುದು. ದತ್ತಕದಲ್ಲಿ ಒಂದು ಕಾಗದ ತಪ್ಪಿದರೆ ಒಂದು ಜೀವದ ಊರು, ಹೆಸರು, ದೇಶವೇ ತಪ್ಪಿಹೋಗಬಹುದು. ನಮ್ಮ ಸಂಘ-ಸಂಸ್ಥೆಗಳ ಎಷ್ಟೋ ಸದಸ್ಯರ ಮಕ್ಕಳು ಇಂದು ಅಮೆರಿಕ, ಗಲ್ಫ್, ಯುರೋಪಿನಲ್ಲಿ ನೆಲೆಸಿರುವುದರಿಂದ ಈ ವಿಷಯ ನಮ್ಮ ಮನೆಬಾಗಿಲಿನದೂ ಹೌದು.

ಅಮ್ಮನ ತೊಟ್ಟಿಲಿನಿಂದ ಆರಂಭ

ತಿರುವನಂತಪುರದ ತೈಕ್ಕಾಡಿನಲ್ಲಿ ಕೇರಳ ರಾಜ್ಯ ಶಿಶು ಕ್ಷೇಮ ಸಮಿತಿಯ ಕೇಂದ್ರ ಕಚೇರಿಯಿದೆ. 2002ರ ನವೆಂಬರ್ 14ರ ಮಕ್ಕಳ ದಿನದಂದು ಅಲ್ಲಿ ‘ಅಮ್ಮತೊಟ್ಟಿಲ್’ ಆರಂಭವಾಯಿತು. ಹೆಸರು ಮಲಯಾಳದ್ದಾದರೂ ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ. ಸಾಕಲಾಗದ ತಾಯಿ ಶಿಶುವನ್ನು ಕಸದ ತೊಟ್ಟಿಯ ಬಳಿಯೋ ಪೊದೆಯಲ್ಲೋ ಬಿಟ್ಟುಹೋಗುವ ಬದಲು ಈ ತೊಟ್ಟಿಲಲ್ಲಿ ಮಲಗಿಸಿದರೆ ಒಳಗಿನ ಸಿಬ್ಬಂದಿಗೆ ಗಂಟೆಯ ಮೂಲಕ ಸೂಚನೆ ಸಿಗುತ್ತದೆ. ಕುಂತಿ ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟ ಕರ್ಣನಿಗೆ ರಾಧೆ ಸಿಕ್ಕಿದ್ದು ಅದೃಷ್ಟ. ಎಲ್ಲ ಕೂಸುಗಳನ್ನೂ ಅದೃಷ್ಟಕ್ಕೆ ಬಿಡಲಾಗದೆಂದೇ ಈ ಏರ್ಪಾಡು.

ಆದರೆ ತೊಟ್ಟಿಲಿಗೆ ಬಂದ ಮಗುವನ್ನು ಮರುದಿನವೇ ಯಾರಿಗೂ ಕೊಡುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಹೆತ್ತವರಿಗಾಗಿ ಹುಡುಕಾಟ ನಡೆಯಬೇಕು. ತಾಯಿ-ತಂದೆ ತಾವಾಗಿಯೇ ಬಂದು ಒಪ್ಪಿಸಿದ್ದರೆ ಮನಸ್ಸು ಬದಲಿಸಲು ಅವರಿಗೆ 2 ತಿಂಗಳ ಅವಕಾಶವಿದೆ. ತೊರೆದುಹೋದ ಮಗುವಿನ ವಿಷಯದಲ್ಲಿ 2 ವರ್ಷದೊಳಗಿನ ಶಿಶುವಾದರೆ 2 ತಿಂಗಳೊಳಗೆ, ಅದಕ್ಕಿಂತ ದೊಡ್ಡ ಮಗುವಾದರೆ 4 ತಿಂಗಳೊಳಗೆ ಸಮಿತಿ ತೀರ್ಮಾನ ತಿಳಿಸಬೇಕು. ‘ಈ ಮಗು ಕಾನೂನಿನಂತೆ ದತ್ತಕಕ್ಕೆ ಮುಕ್ತ’ ಎಂಬ ಘೋಷಣೆಯಾದ ಮೇಲೆಯೇ ಮುಂದಿನ ಮಾತು.

ವಿದೇಶಿಯರ ಸರದಿ ಕೊನೆಗೆ

ಹಣವಿರುವ ವಿದೇಶಿಯರು ಬಂದು ಬೇಕಾದ ಮಗುವನ್ನು ಆರಿಸಿಕೊಂಡು ಹೋಗುತ್ತಾರೆಂಬ ಕಲ್ಪನೆ ನಮ್ಮ ಜನರಲ್ಲಿದೆ. ನಿಯಮ ಹಾಗಿಲ್ಲ. ಮೊದಲ ಅವಕಾಶ ಭಾರತದಲ್ಲಿರುವ ಕುಟುಂಬಗಳಿಗೆ ಮತ್ತು ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿ ಭಾರತೀಯರಿಗೆ. ಇವರಲ್ಲಿ ಯಾರೂ ಮುಂದೆ ಬಾರದಿದ್ದಾಗ ಮಾತ್ರ ಮಗುವಿನ ಹೆಸರು ವಿದೇಶದ ಪಟ್ಟಿಗೆ ಹೋಗುತ್ತದೆ. ಅಲ್ಲಿಯೂ ಭಾರತೀಯ ಮೂಲದವರಿಗೆ, ಅಂದರೆ ಒಸಿಐ ಕಾರ್ಡುದಾರರಿಗೆ, ಆದ್ಯತೆಯಿದೆ.

ಇದರ ಪರಿಣಾಮವನ್ನು ಯೋಚಿಸಿ ನೋಡಬೇಕು. ನಮ್ಮವರಿಗೆ ಬೇಕಾದದ್ದು ಆರೋಗ್ಯವಂತ ಎಳೆಗೂಸು. ಅಂಗವೈಕಲ್ಯವುಳ್ಳ ಮಗು, 5 ವರ್ಷ ದಾಟಿದ ಮಗು, ಒಟ್ಟಿಗೇ ಹೋಗಬೇಕಾದ ಅಣ್ಣ-ತಂಗಿಯರು ಉಳಿದುಬಿಡುತ್ತಾರೆ. ಕಾಯ್ದೆಯೂ ಅಂತರ್‌ದೇಶೀಯ ದತ್ತಕದಲ್ಲಿ ಈ ಮೂರು ಬಗೆಯ ಮಕ್ಕಳಿಗೇ ಆದ್ಯತೆ ಕೊಡಬಹುದೆಂದು ಹೇಳುತ್ತದೆ. ಹೃದಯದಲ್ಲಿ ತೊಂದರೆಯಿರುವ, ನಡೆಯಲಾಗದ, ನಾವು ಬೇಡವೆಂದ ಮಗುವಿಗಾಗಿಯೇ ಇಟಲಿಯಿಂದಲೋ ಸ್ಪೇನಿನಿಂದಲೋ ಅಮೆರಿಕದಿಂದಲೋ ಒಂದು ದಂಪತಿ ಬರುತ್ತಾರೆ. 2024-25ರಲ್ಲಿ ದೇಶದಲ್ಲಿ ನಡೆದ 4,515 ದತ್ತಕಗಳಲ್ಲಿ 4,155 ದೇಶದೊಳಗಿನವು. ಕಡಲು ದಾಟಿದವರು ಸಂಖ್ಯೆಯಲ್ಲಿ ಕಡಿಮೆ, ಆದರೆ ಬೇರೆ ಮನೆ ಸಿಗುವುದು ಕಷ್ಟವಾಗಿದ್ದ ಮಕ್ಕಳೇ ಅವರಲ್ಲಿ ಹೆಚ್ಚು.

ಬರುವ ಮೊದಲಿನ ದಾರಿ

ವಿದೇಶಿ ದಂಪತಿ ನೇರವಾಗಿ ತೈಕ್ಕಾಡಿಗೆ ಬಂದು ಅರ್ಜಿ ಕೊಡುವಂತಿಲ್ಲ. ತಮ್ಮ ದೇಶದ ಅಧಿಕೃತ ಸಂಸ್ಥೆಯಲ್ಲಿ ನೋಂದಾಯಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ಆದಾಯ, ಆರೋಗ್ಯ, ದಾಂಪತ್ಯ, ಮನೆಯ ವಾತಾವರಣ ಎಲ್ಲವನ್ನೂ ವಿಚಾರಿಸಿ ವರದಿ ಬರೆಯುತ್ತಾರೆ. ಅದು ದೆಹಲಿಯಲ್ಲಿರುವ ಕೇಂದ್ರೀಯ ದತ್ತಕ ಸಂಪನ್ಮೂಲ ಪ್ರಾಧಿಕಾರಕ್ಕೆ, ಎಲ್ಲರೂ ‘ಕಾರಾ’ ಎಂದು ಕರೆಯುವ ಕಚೇರಿಗೆ ತಲುಪುತ್ತದೆ. ಅಲ್ಲಿಂದ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ, ಫೋಟೋ ದಂಪತಿಗೆ ಹೋಗುತ್ತದೆ. ಅವರು ಒಪ್ಪಿದ ಮೇಲೆ ಕಾರಾದ ಎನ್‌ಒಸಿ, ಆಮೇಲೆ ದತ್ತಕದ ಆದೇಶ. 2022ರ ಸೆಪ್ಟೆಂಬರ್ 1ರವರೆಗೆ ಈ ಆದೇಶ ಕೊಡುತ್ತಿದ್ದುದು ನ್ಯಾಯಾಲಯ. ಅಂದಿನಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಮಗುವಿನ ಇಚ್ಛೆಯನ್ನು ಪರಿಗಣಿಸಬೇಕೆಂದೂ ಕಾಯ್ದೆಯಲ್ಲಿದೆ.

ಖರ್ಚಿನ ಲೆಕ್ಕವೂ ಬರೆದಿಟ್ಟದ್ದೇ. 2017ರ ದತ್ತಕ ನಿಯಮಾವಳಿಯಲ್ಲಿ ಮಕ್ಕಳ ಪಾಲನಾ ನಿಧಿಗೆ ದೇಶದೊಳಗಿನ ದಂಪತಿ ಕಟ್ಟಬೇಕಾಗಿದ್ದುದು 40,000 ರೂಪಾಯಿ, ವಿದೇಶದವರು 5,000 ಡಾಲರ್. ರಸೀದಿಯಿಲ್ಲದೆ ‘ದೇಣಿಗೆ’ ಕೇಳುವವರು ಯಾರೇ ಆಗಿರಲಿ, ಅಲ್ಲಿಂದ ಎದ್ದು ಬರುವುದೇ ಕ್ಷೇಮ.

ಆದೇಶವಾದ ಮೇಲೆ ತಂದೆ-ತಾಯಿ ಮಗುವನ್ನು ಕರೆದೊಯ್ಯಲು ಖುದ್ದಾಗಿ ಭಾರತಕ್ಕೆ ಬರಬೇಕು. ಮಗುವಿಗೆ ಭಾರತೀಯ ಪಾಸ್‌ಪೋರ್ಟ್ ಆಗಬೇಕು. ಕೊಚ್ಚಿ, ತಿರುವನಂತಪುರ ಎರಡರಲ್ಲೂ ಪಾಸ್‌ಪೋರ್ಟ್ ಕಚೇರಿಯಿರುವುದು ಅನುಕೂಲ. ಹೇಗ್ ಒಪ್ಪಂದದ ದೇಶವಾದರೆ ಕಾರಾದ ಅನುಸರಣಾ ಪತ್ರ, ಬಳಿಕ ವೀಸಾ. ಅಮೆರಿಕದವರಾದರೆ ಮಗುವಿನ ವೀಸಾಕ್ಕಾಗಿ ದೆಹಲಿಯ ರಾಯಭಾರ ಕಚೇರಿಗೇ ಹೋಗಬೇಕು. ಮಲಯಾಳವಷ್ಟೇ ಬಲ್ಲ ಮಗು, ಮಲಯಾಳ ಬಾರದ ತಂದೆ-ತಾಯಿ, ಹೋಟೆಲಿನ ಕೋಣೆಯಲ್ಲಿ ಮೊದಲ ರಾತ್ರಿಗಳು. ಅಷ್ಟು ದಿನ ಎತ್ತಿ ಆಡಿಸಿದ ಆಯಾಳ ಕೈ ಬಿಡುವಾಗ ಮಗು ಅಳುವುದೂ ಉಂಟು. ಮೊದಲೇ ಫೋಟೋ ತೋರಿಸಿ, ಹೆಸರು ಹೇಳಿಕೊಟ್ಟು ಮಗುವನ್ನು ಸಿದ್ಧಪಡಿಸುವ ಹೊಣೆ ಸಂಸ್ಥೆಯದು.

ನಿಯಮಗಳು ಬಂದದ್ದು ಹೇಗೆ?

ಇಷ್ಟೊಂದು ಬಿಗಿ ಸುಮ್ಮನೆ ಬಂದದ್ದಲ್ಲ. ವಿದೇಶಿಯರಿಗೆ ಮಕ್ಕಳನ್ನು ಕೊಡುವ ಹೆಸರಿನಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆಯವರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಅರ್ಜಿಯಾಗಿ, 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ತೀರ್ಪು ಬಂತು. 1990ರಲ್ಲಿ ಕಾರಾ ಸ್ಥಾಪನೆಯಾಯಿತು. 2003ರಲ್ಲಿ ಭಾರತ ಹೇಗ್ ಒಪ್ಪಂದಕ್ಕೆ ಸೇರಿತು.

ಆದರೂ ನೋವಿನ ಪ್ರಸಂಗಗಳು ನಿಲ್ಲಲಿಲ್ಲ. ಮುಂಬಯಿಯಿಂದ ಬಾಲಕಿಯಾಗಿ ಅಮೆರಿಕಕ್ಕೆ ದತ್ತು ಹೋದವಳೊಬ್ಬಳಿಗೆ ಅಲ್ಲಿನ ಪೌರತ್ವದ ಕಾಗದವನ್ನು ಯಾರೂ ಮಾಡಿಸಿರಲಿಲ್ಲ. ದೊಡ್ಡವಳಾಗಿ ಒಂದು ಅಪರಾಧ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ ವಿಷಯ ಹೊರಬಂದು, 2008ರಲ್ಲಿ ಅವಳನ್ನು ಮುಂಬಯಿಗೆ ಗಡೀಪಾರು ಮಾಡಲಾಯಿತು. ಗಂಡ-ಮಕ್ಕಳು ಅಲ್ಲಿ, ಭಾಷೆಯೇ ಬಾರದ ಊರಿನಲ್ಲಿ ಅವಳು ಇಲ್ಲಿ.

2017ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನಲ್ಲಿ 3 ವರ್ಷದ ಮಗು ಸತ್ತ ಸುದ್ದಿ ಕೊಚ್ಚಿಯನ್ನೂ ಕಲಕಿತು. ಮಗುವನ್ನು 2016ರಲ್ಲಿ ಬಿಹಾರದಿಂದ ದತ್ತು ಒಯ್ದವರು ಕೇರಳ ಮೂಲದ ದಂಪತಿ. ಸಾಕುತಂದೆಗೆ 2019ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ನಮ್ಮವರೆಂಬ ಒಂದೇ ಕಾರಣಕ್ಕೆ ಪರಿಶೀಲನೆ ಸಡಿಲಿಸಬಾರದೆಂಬ ಪಾಠ ಇದರಲ್ಲಿದೆ.

ಇನ್ನೊಂದು ಪ್ರಸಂಗ ತಿರುವನಂತಪುರದ್ದೇ. 2020ರ ಅಕ್ಟೋಬರ್‌ನಲ್ಲಿ ಹೆತ್ತ ಕೂಸನ್ನು ತನ್ನ ಒಪ್ಪಿಗೆಯಿಲ್ಲದೆ ದತ್ತಕಕ್ಕೆ ಕೊಡಲಾಗಿದೆ ಎಂದು ಯುವತಿಯೊಬ್ಬಳು ದೂರಿದಳು. ಮಗು ಆಗ ಆಂಧ್ರದ ದಂಪತಿಯ ಮನೆಯಲ್ಲಿ ಬೆಳೆಯುತ್ತಿತ್ತು. ಡಿಎನ್‌ಎ ಪರೀಕ್ಷೆಯ ಬಳಿಕ 2021ರ ನವೆಂಬರ್ 24ರಂದು ನ್ಯಾಯಾಲಯದ ಆದೇಶದಂತೆ ಹೆತ್ತ ತಾಯಿಗೆ ಮಗು ಸಿಕ್ಕಿತು. ಅಂತಿಮ ಆದೇಶ ಆಗಿರಲಿಲ್ಲವಾದ್ದರಿಂದ ಇಷ್ಟಾದರೂ ಸಾಧ್ಯವಾಯಿತು. ಆ ಮಗು ಕಡಲು ದಾಟಿದ್ದರೆ? ಏನೂ ತಪ್ಪು ಮಾಡದೆ ಮಗುವನ್ನು ಎದೆಗೊತ್ತಿಕೊಂಡು, ಕೊನೆಗೆ ಒಪ್ಪಿಸಿದ ಆ ಆಂಧ್ರದ ತಾಯಿಯ ಸಂಕಟವನ್ನೂ ಮರೆಯಲಾಗದು. ಮೊದಲ ಕಾಗದವೇ ಪ್ರಶ್ನೆಗೆ ಸಿಕ್ಕಿದರೆ ಇಬ್ಬರು ತಾಯಂದಿರು ಅಳಬೇಕಾಗುತ್ತದೆ.

ಆದ್ದರಿಂದಲೇ ವಿಮಾನ ಏರಿದ ಮೇಲೂ ಕಡತ ಮುಚ್ಚುವುದಿಲ್ಲ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ, ಒಟ್ಟು 6 ವರದಿಗಳು ಅಲ್ಲಿಂದ ಬರಬೇಕು. ಮಗುವಿಗೆ ಅಲ್ಲಿನ ಪೌರತ್ವ ಸಿಕ್ಕಿತೇ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಬೇಕು. ದೊಡ್ಡವರಾದ ಮೇಲೆ ತಮ್ಮ ಬೇರು ಹುಡುಕಲು ಬಯಸುವವರಿಗೂ ನಿಯಮದಲ್ಲಿ ದಾರಿಯಿದೆ. ಆಗ ಅವರಿಗೆ ಆಧಾರ ಇದೇ ಕಾಗದಗಳು.

ನಮ್ಮವರು ಗಮನಿಸಬೇಕಾದದ್ದು

‘ಊರಿನಲ್ಲಿ ಅಣ್ಣನ ಮಗಳನ್ನು ದತ್ತು ತೆಗೆದುಕೊಂಡು ದತ್ತಹೋಮವೂ ಆಗಿದೆ, ರಿಜಿಸ್ಟ್ರಿಯೂ ಆಗಿದೆ, ಇನ್ನು ಅಮೆರಿಕಕ್ಕೆ ಕರೆದೊಯ್ಯಲು ಏನು ತೊಡಕು?’ ಎಂಬ ಪ್ರಶ್ನೆಯನ್ನು ಸಂಘದ ಕಾರ್ಯಕ್ರಮಗಳಲ್ಲಿ ಹಲವರ ಬಾಯಲ್ಲಿ ಕೇಳಿದ್ದೇನೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಂತೆ ಆ ದತ್ತಕ ಸರಿಯೇ. ಆದರೆ ಮಗು ದೇಶ ಬಿಡಲು ಅಷ್ಟು ಸಾಲದು. 2021ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದುಪಡಿಯಾಗಿ, ಇಂಥ ದತ್ತಕಕ್ಕೂ ಜಿಲ್ಲಾಧಿಕಾರಿಯ ಪರಿಶೀಲನೆಯ ಬಳಿಕ ಕಾರಾದ ಎನ್‌ಒಸಿ ಪಡೆಯುವ ದಾರಿ ತೆರೆದಿದೆ. ಟಿಕೆಟ್ ತೆಗೆಯುವ ಮೊದಲು ಈ ಕೆಲಸ ಮುಗಿಸಬೇಕು.

ಮಕ್ಕಳಿಲ್ಲದ ಮಗ-ಸೊಸೆ ವಿದೇಶದಲ್ಲಿದ್ದರೆ ಅವರಿಗೆ ಇನ್ನೊಂದು ಮಾತು ತಿಳಿಸಿರಿ. ಭಾರತೀಯ ಪಾಸ್‌ಪೋರ್ಟ್ ಇರುವವರೆಗೆ ಅವರ ಸರದಿ ಇಲ್ಲಿನವರ ಜತೆಗೇ. ಪೌರತ್ವ ಬದಲಾದ ಮೇಲೆ ಸಾಲು ಬೇರೆ. ದಂಪತಿಯ ಒಟ್ಟು ವಯಸ್ಸಿಗೂ ಮಿತಿಯಿದೆ. 2022ರ ನಿಯಮಾವಳಿಯಂತೆ 2 ವರ್ಷದೊಳಗಿನ ಮಗು ಬೇಕಿದ್ದರೆ ಇಬ್ಬರದೂ ಸೇರಿ 85 ವರ್ಷ ಮೀರಿರಬಾರದು. ಹರಕೆ ಹೊತ್ತು, ಆಸ್ಪತ್ರೆ ಅಲೆದು, ಕೊನೆಯ ಉಪಾಯವೆಂದು ದತ್ತಕದ ಕಡೆಗೆ ಬರುವಷ್ಟರಲ್ಲಿ ಎಷ್ಟೋ ಮಂದಿಗೆ ಈ ಗಡಿ ದಾಟಿರುತ್ತದೆ.

ಕೊನೆಯದಾಗಿ ಒಂದು ವಿನಂತಿ. ಅರ್ಜಿಯಲ್ಲಿ ‘ಯಾವ ಮಗು ಆಗಬಹುದು’ ಎಂಬ ಅಂಕಣ ತುಂಬುವಾಗ ಸ್ವಲ್ಪ ನಿಂತು ಯೋಚಿಸಿರಿ. ಆರು ವರ್ಷದ ಹುಡುಗ, ಕಾಲು ಸ್ವಲ್ಪ ಎಳೆಯುವ ಹುಡುಗಿ, ಕೈ ಹಿಡಿದುಕೊಂಡೇ ಮಲಗುವ ಅಕ್ಕ-ತಮ್ಮ ತೈಕ್ಕಾಡಿನಲ್ಲೂ ಇರಬಹುದು, ಕಾಸರಗೋಡಿನಲ್ಲೂ ಇರಬಹುದು, ನಮ್ಮ ಕರ್ನಾಟಕದಲ್ಲೂ ಇರಬಹುದು. ಸಾವಿರಾರು ಮೈಲಿ ದೂರದಿಂದ ಬಂದವರು ಅವರನ್ನು ಎತ್ತಿಕೊಳ್ಳುತ್ತಾರೆ. ಹತ್ತಿರದಲ್ಲಿರುವ ನಮಗೂ ಅದು ಸಾಧ್ಯವಾದರೆ ಆ ಮಕ್ಕಳಿಗೆ ಊರನ್ನೂ ಮಾತನ್ನೂ ಬಿಟ್ಟುಹೋಗುವ ಅಗತ್ಯವೇ ಬರುವುದಿಲ್ಲ.