ಮೋಟಾರು ತಿರುಗಿದರೆ ಸಾಲದು, ನೀರು ಬರಬೇಕು

ಈಚೆಗೆ ನಾವು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹೋಗಿ ಬಂದೆವು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ. ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿಗೆಲ್ಲ ಕೊಳವೆ ಬಾವಿಯೇ ಆಧಾರ. ಎಷ್ಟೋ ಕಡೆ ಸಾವಿರ ಅಡಿ ಮೀರಿ ಕೊರೆದಿದ್ದಾರೆ. ಅಷ್ಟು ಆಳದಲ್ಲಿ ಮೋಟಾರು ಸುಟ್ಟರೆ ವೈಂಡಿಂಗ್ ಖರ್ಚಿನ ಜೊತೆಗೆ ಪೈಪು ಎತ್ತಿ ಇಳಿಸುವ ಖರ್ಚೂ ಸೇರುತ್ತದೆ. ಅಷ್ಟರಲ್ಲಿ ಬೆಳೆ ಬಾಡುತ್ತದೆ.

2019ರಲ್ಲಿ ಪಿಎಂ-ಕುಸುಮ್ ಯೋಜನೆ ಬಂದ ಮೇಲೆ ಸೌರ ಪಂಪುಸೆಟ್ಟಿನ ಬಗ್ಗೆ ನಮ್ಮ ಸದಸ್ಯರೂ ವಿಚಾರಿಸುತ್ತಿದ್ದಾರೆ. ಕೊಳ್ಳುವ ಮೊದಲು ಅದರ ಇನ್ವರ್ಟರ್ ಪೆಟ್ಟಿಗೆಯನ್ನು ಅರಿಯುವುದು ಒಳ್ಳೆಯದು.

ಫಲಕ ಕೊಡುವುದು ಡಿ.ಸಿ.; ತ್ರೀ ಫೇಸ್ ಇಂಡಕ್ಷನ್ ಮೋಟಾರಿಗೆ ಬೇಕಾದದ್ದು ಎ.ಸಿ. ಪೆಟ್ಟಿಗೆಯೊಳಗಿನ ಆರು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚಿ ಡಿ.ಸಿ.ಯನ್ನು ಮೂರು ಫೇಸು ಮಾಡುತ್ತವೆ. ಬಿಸಿಲು ಕಡಿಮೆಯಾದಾಗ ಹರ್ಟ್ಸ್ ಇಳಿಸಿ ಮೋಟಾರನ್ನು ನಿಧಾನ ಓಡಿಸುತ್ತವೆ. ಹರ್ಟ್ಸ್ ಇಳಿದಂತೆ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯಬೇಕು: 50ಕ್ಕೆ 415 ವೋಲ್ಟ್ ಆದರೆ 40ಕ್ಕೆ 332. ಇಲ್ಲದಿದ್ದರೆ ಮೋಟಾರು ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಕೆಳಗಿನ ಹರ್ಟ್ಸ್‌ನಿಂದಲೇ ಹೊರಡುವುದರಿಂದ ಸ್ಟಾರ್ಟಿನ ಜಗ್ಗುವಿಕೆಯೂ ಇರದು.

ಎಡವುವುದು ಇಲ್ಲಿಯೇ. ವೇಗ ಇಳಿದಷ್ಟೇ ಅಲ್ಲ, ನೀರೆತ್ತುವ ಶಕ್ತಿ ವೇಗದ ವರ್ಗದಂತೆ ಇಳಿಯುತ್ತದೆ. 50 ಹರ್ಟ್ಸ್‌ನಲ್ಲಿ ಹೆಚ್ಚೆಂದರೆ 1000 ಅಡಿ ಎತ್ತಬಲ್ಲ ಪಂಪು 40ರಲ್ಲಿ ಎತ್ತುವುದು 640 ಅಡಿ ಮಾತ್ರ. ನೀರು 720 ಅಡಿಯಲ್ಲಿದ್ದರೆ ಸುಮಾರು 43 ಹರ್ಟ್ಸ್ ದಾಟುವವರೆಗೆ ಹನಿಯೂ ಬಾರದು. ಮೋಟಾರು ಮಾತ್ರ ತಿರುಗುತ್ತಿರುತ್ತದೆ. ಅದನ್ನು ತಂಪಿಡುವುದು ಪಕ್ಕದಲ್ಲಿ ಹರಿಯುವ ನೀರು; ಹರಿವಿಲ್ಲದಿದ್ದರೆ ಒಳಗೇ ಬೇಯುತ್ತದೆ.

ಆದ್ದರಿಂದ ಅಳವಡಿಸುವವರನ್ನು ಇಷ್ಟು ಕೇಳಿರಿ:

1. ನಮ್ಮ ಬಾವಿಯ ನೀರಿನ ಮಟ್ಟಕ್ಕೆ ತಕ್ಕಂತೆ ಕನಿಷ್ಠ ಹರ್ಟ್ಸ್ ಕಟ್ಟಿದ್ದೀರಾ? ಸಬ್‌ಮರ್ಸಿಬಲ್ ಮೋಟಾರನ್ನು ಸಾಮಾನ್ಯವಾಗಿ 30ರ ಕೆಳಗೆ ಓಡಿಸಬಾರದು.
2. ನೀರು ಬತ್ತಿದರೆ ತಾನೇ ನಿಲ್ಲುತ್ತದೆಯೇ?
3. ಕೇಬಲ್ಲು ಉದ್ದವಿದ್ದರೆ ಫಿಲ್ಟರ್ ಇದೆಯೇ? ಇಲ್ಲದಿದ್ದರೆ ಮೋಟಾರಿನ ಬಳಿ ವೋಲ್ಟೇಜು ಚಿಮ್ಮಿ ವೈಂಡಿಂಗಿಗೆ ಪೆಟ್ಟು.
4. ಅರ್ಥಿಂಗ್, ಸಿಡಿಲು ರಕ್ಷಣೆ ಸರಿಯಿದೆಯೇ?

ನಮ್ಮ ತೋಟಗಳಲ್ಲಿ ಬಾವಿ ಅಷ್ಟು ಆಳವಿಲ್ಲದಿರಬಹುದು. ಆದರೆ ಹಳ್ಳದ ಕೆರೆಯಿಂದ ಗುಡ್ಡದ ಕಾಫಿಗೆ ಹೂವಿನ ನೀರು ಹಾಯಿಸುವಾಗ ಏರಿನ ಎತ್ತರ, ತುಂತುರು ಕೊಳವೆಯ ಒತ್ತಡ ಎರಡೂ ಸೇರಿ ಅದೇ ಲೆಕ್ಕ. ಮರದ ನೆರಳು, ಬೆಳಗಿನ ಮಂಜು ಬೇರೆ. ಫಲಕಕ್ಕೆ ಬಯಲು ಜಾಗ ಆರಿಸಿ, ಎತ್ತರ ಅಳೆದು, ಆಮೇಲೆ ಅರ್ಜಿ ಹಾಕುವುದು ಲೇಸು.