ಹಳೆಯ ಜೀಪು, ಒದ್ದೆ ಘಾಟಿ: ನಂಬಿಕೆ ಯಾವುದು, ನಿಜ ಯಾವುದು

ಮಲೆನಾಡಿನ, ಕೊಡಗಿನ ತೋಟದ ಮನೆಗಳ ಅಂಗಳದಲ್ಲಿ ಇಂದಿಗೂ ಹಳೆಯ ಜಿಪ್ಸಿಗಳು, ಮಹೀಂದ್ರ ಜೀಪುಗಳು ನಿಂತಿರುತ್ತವೆ. ಊರಿನವರಷ್ಟೇ ಅಲ್ಲ, ಬೆಂಗಳೂರಿನ ಹುಡುಗರೂ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳನ್ನು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ. ಕೆಸರಿನ ಏರಿನಲ್ಲಿ ಇವುಗಳಿಗೆ ಸಾಟಿಯಿಲ್ಲ, ಒಪ್ಪೋಣ. ಆದರೆ ಕೆಸರಿನಲ್ಲಿ ಗಳಿಸಿದ ಹೆಸರನ್ನೇ ನಂಬಿಕೊಂಡು, ಮಳೆಯಲ್ಲಿ ತೊಯ್ದ ಡಾಂಬರು ರಸ್ತೆಯಲ್ಲೂ ಅದೇ ಧೈರ್ಯದಿಂದ ಓಡಿಸುವವರನ್ನು ಕಂಡರೆ ನನಗೆ ಭಯವಾಗುತ್ತದೆ.

“ನಾಲ್ಕೂ ಚಕ್ರ ಎಳೆಯುತ್ತವೆ, ಗಾಡಿ ಜಾರುವುದಿಲ್ಲ”

ಎಳೆಯುವುದು ಬೇರೆ, ನಿಲ್ಲುವುದು ಬೇರೆ. ಬ್ರೇಕ್ ಒತ್ತಿದರೆ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೂ ಬ್ರೇಕ್ ಬೀಳುತ್ತದೆ. ಆ ವಿಷಯದಲ್ಲಿ ಆಲ್ಟೊಗಿಂತ ಜಿಪ್ಸಿಗೆ ಹೆಚ್ಚಿನ ಅನುಕೂಲವೇನೂ ಇಲ್ಲ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಂತರೆ, ಒದ್ದೆ ರಸ್ತೆಯಲ್ಲಿ ಸವೆದ ಟಯರಿನ ಮೇಲೆ 35 ಮೀಟರ್ ಬೇಕಾಗಬಹುದು. ವೇಗ 80 ಇದ್ದರೆ ಅದು 60 ಮೀಟರ್ ದಾಟುತ್ತದೆ. ಎದುರಿಗೆ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಗಾಡಿ ಸಾಗುವ ದೂರ ಈ ಲೆಕ್ಕದಲ್ಲಿ ಸೇರಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎರಡೇ ಚಕ್ರ ಎಳೆಯುವ ಕಾರು ಜಾರುವ ರಸ್ತೆಯಲ್ಲಿ ಹೊರಡುವಾಗಲೇ ಚಕ್ರ ಗಿರಕಿ ಹೊಡೆದು ಎಚ್ಚರಿಸುತ್ತದೆ. ಫೋರ್ ವೀಲ್ ಡ್ರೈವ್ ಗಾಡಿ ಸದ್ದಿಲ್ಲದೆ ಹೊರಟುಬಿಡುತ್ತದೆ. ರಸ್ತೆಯಲ್ಲಿ ಹಿಡಿತವಿಲ್ಲ ಎನ್ನುವುದು ಚಾಲಕನಿಗೆ ಮೊದಲ ಸಲ ಗೊತ್ತಾಗುವುದೇ ಬ್ರೇಕ್ ಹಿಡಿದಾಗ. ಮುಂಗಾರಿನ ಮೊದಲ ಮಳೆಗೆ ರಸ್ತೆಯ ಆಯಿಲ್, ಧೂಳು ಎಲ್ಲ ಮೇಲೆದ್ದಿರುವ ದಿನಗಳಲ್ಲಿ ಇದು ಇನ್ನೂ ಅಪಾಯ.

ಹಳೆಯ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಬ್ರೇಕ್ ಜೋರಾಗಿ ತುಳಿದು ಮುಂದಿನ ಚಕ್ರ ಕಚ್ಚಿಕೊಂಡರೆ ಸ್ಟೀರಿಂಗ್ ಎಷ್ಟೇ ತಿರುಗಿಸಿದರೂ ಗಾಡಿ ನೇರವಾಗಿಯೇ ಜಾರುತ್ತದೆ. ಆಗ ಬ್ರೇಕ್ ತುಸು ಸಡಿಲಿಸಬೇಕು, ಚಕ್ರ ತಿರುಗಲು ಬಿಡಬೇಕು, ಮತ್ತೆ ಒತ್ತಬೇಕು. ಹೇಳಿದಷ್ಟು ಸುಲಭವಲ್ಲ, ಖಾಲಿ ಮೈದಾನದಲ್ಲಿ ನಿಧಾನದ ವೇಗದಲ್ಲಿ ಅಭ್ಯಾಸ ಮಾಡಿಯೇ ಕಲಿಯಬೇಕು.

“ಮಳೆ ಬಂತೋ, ಫೋರ್ ಬೈ ಫೋರ್ ಹಾಕಿಬಿಡು”

ಅತಿ ಹೆಚ್ಚು ಕೇಳುವ ಸಲಹೆ ಇದು, ಅರ್ಧ ಮಾತ್ರ ಸರಿ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವನ್ನು ಕಲ್ಪಿಸಿಕೊಳ್ಳಿ. ತಿರುಗುವಾಗ ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಒಳಗಿನ ಚಿಕ್ಕ ಸುತ್ತಿನಲ್ಲೇ ಬರುತ್ತವೆ. ಅಂದರೆ ಮುಂದಿನವು ಸ್ವಲ್ಪ ಬೇಗ ಉರುಳಬೇಕು. ಜಿಪ್ಸಿಯಲ್ಲಿ, ಹಳೆಯ ಮಹೀಂದ್ರಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಈ ವೇಗದ ವ್ಯತ್ಯಾಸಕ್ಕೆ ಎಡೆ ಕೊಡುವ ಡಿಫರೆನ್ಶಿಯಲ್ ಇಲ್ಲ. ಲಿವರ್ ಎಳೆದು ಫೋರ್ ವೀಲ್‌ಗೆ ಹಾಕಿದೊಡನೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ಟಯರು ಚೂರು ಜಾರಿ ಆ ಬಿಗಿತ ಬಿಟ್ಟುಹೋಗುತ್ತದೆ. ಗಟ್ಟಿ ಡಾಂಬರಿನ ಮೇಲೆ ಬಿಗಿತ ಗೇರುಗಳಲ್ಲೇ ಉಳಿಯುತ್ತದೆ: ಸ್ಟೀರಿಂಗ್ ಭಾರವಾಗುತ್ತದೆ, ಗಾಡಿ ಹಿಡಿದು ಹಿಡಿದು ಬಿಟ್ಟಂತೆ ಚಲಿಸುತ್ತದೆ. ಒದ್ದೆ ಡಾಂಬರಾದರೆ, ಅದರ ಮೇಲೆ ಪಾಚಿಯೋ ತರಗೆಲೆಯೋ ಇದ್ದರೆ, ಆ ಒತ್ತಡವೇ ಟಯರನ್ನು ಜಾರಿಸುತ್ತದೆ. ತಿರುಗಬೇಕಾದ ಗಾಡಿಯ ಮೂತಿ ತಿರುವಿನ ಹೊರಗೆ ಹೋಗುತ್ತದೆ.

ಹಾಗಾಗಿ ಡಾಂಬರಿನ ಮೇಲೆ ಟೂ ವೀಲ್, ಕೆಸರು ಸಿಕ್ಕಲ್ಲಿ ಫೋರ್ ವೀಲ್. ಮಣ್ಣು ಕುಸಿದು ರಸ್ತೆ ಪೂರ್ತಿ ರಾಡಿಯಾಗಿದ್ದರೆ ಹಾಕಿ, ದಾಟಿದ ಮೇಲೆ ತೆಗೆಯಿರಿ. ಲಿವರ್ ಸಿಕ್ಕಿಕೊಂಡು ಬರದಿದ್ದರೆ ಜಗ್ಗಬೇಡಿ; ಜಾಗ ನೋಡಿಕೊಂಡು ಕೆಲವು ಮೀಟರ್ ನೇರವಾಗಿ ರಿವರ್ಸ್ ತೆಗೆದುಕೊಂಡರೆ ಬಿಗಿತ ಇಳಿದು ಅದು ತಾನಾಗಿ ಬರುತ್ತದೆ. ಟೂ ವೀಲ್‌ನಲ್ಲಿ ಜಿಪ್ಸಿ ಹಿಂದಿನ ಚಕ್ರದಿಂದ ಓಡುತ್ತದೆ, ಖಾಲಿಯಿದ್ದಾಗ ಹಿಂಭಾಗ ಬಲು ಹಗುರ. ತಿರುವಿನ ನಡುವೆ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ.

ಹಳೆಯ ಹೋಂಡಾ ಸಿಆರ್-ವಿಯಂಥ ಗಾಡಿಗಳ ವ್ಯವಸ್ಥೆಯೇ ಬೇರೆ. ಅಲ್ಲಿ ಲಿವರ್ ಇಲ್ಲ. ಮುಂದಿನ ಚಕ್ರ ಜಾರಿದ ಮೇಲಷ್ಟೇ ಹಿಂದಿನದಕ್ಕೆ ಬಲ ಹೋಗುತ್ತದೆ. ನಿಮ್ಮ ಗಾಡಿ ಯಾವ ಬಗೆಯದೆಂದು ಮ್ಯಾನ್ಯುಯಲ್ ತೆರೆದು ನೋಡಿಕೊಳ್ಳಿ.

“ಗಾಳಿ ಕಡಿಮೆ ಮಾಡಿದರೆ ಹಿಡಿತ ಹೆಚ್ಚು”

ಮರಳಿನಲ್ಲಿ, ಕೆಸರಿನಲ್ಲಿ ನಿಜ. ನೀರು ನಿಂತ ಹೆದ್ದಾರಿಯಲ್ಲಿ ಇದು ತಿರುಗುಬಾಣ. ಟಯರು ನೀರನ್ನು ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೇ ತೇಲತೊಡಗುವ ವೇಗಕ್ಕೂ ಒಳಗಿನ ಗಾಳಿಯ ಒತ್ತಡಕ್ಕೂ ನೇರ ಸಂಬಂಧವಿದೆ ಎಂದು 1960ರ ದಶಕದಲ್ಲೇ ನಾಸಾ ವಿಮಾನದ ಟಯರುಗಳ ಮೇಲೆ ಪ್ರಯೋಗ ಮಾಡಿ ತೋರಿಸಿತ್ತು. ಆ ಸೂತ್ರದಂತೆ 32 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 94 ಕಿ.ಮೀ.ಗೆ ತೇಲುವ ಟಯರು, 24ಕ್ಕೆ ಇಳಿಸಿದರೆ 82ಕ್ಕೇ ತೇಲುತ್ತದೆ. ಕಂಪನಿ ಹೇಳಿದಷ್ಟು ಗಾಳಿ ಇರಲಿ, ತಂಪಾಗಿರುವಾಗ ನೋಡಿಸಿ.

“ಟಯರಿನಲ್ಲಿ ಇನ್ನೂ ಗೀರಿದೆ, ಓಡುತ್ತದೆ ಬಿಡಿ”

ಗೀರುಗಳ ನಡುವೆ ಚಿಕ್ಕ ಅಡ್ಡಗಟ್ಟುಗಳಿರುತ್ತವೆ. ರಬ್ಬರು ಅವುಗಳ ಮಟ್ಟಕ್ಕೆ ಸವೆದರೆ ಉಳಿದ ಆಳ 1.6 ಮಿ.ಮೀ., ಕಾನೂನಿನ ಕೊನೆಯ ಗಡಿ. ಮಳೆನಾಡಿಗೆ 3 ಮಿ.ಮೀ. ಬಂದಾಗಲೇ ಬದಲಿಸುವುದು ಕ್ಷೇಮ. ತೋಟದ ಜೀಪಿನ ಕತೆ ಬೇರೆ: ಓಡುವುದು ಕಡಿಮೆ, ಗೀರು ಹೊಸದರಂತೆಯೇ ಕಾಣುತ್ತದೆ, ರಬ್ಬರು ಮಾತ್ರ ಕಲ್ಲಾಗಿರುತ್ತದೆ. ಟಯರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2314 ಎಂದಿದ್ದರೆ ಅದು 2014ರ 23ನೇ ವಾರದಲ್ಲಿ ತಯಾರಾದದ್ದು. ಅಂಥದ್ದನ್ನು ನಂಬಿ ಚಾರ್ಮಾಡಿ ಘಾಟಿ ಇಳಿಯಬೇಡಿ.

ನೋಡಲು ಗಡುಸಾದ ಮಡ್ ಟಯರುಗಳೂ ಒದ್ದೆ ಡಾಂಬರಿಗೆ ಹೇಳಿದವಲ್ಲ. ಅವುಗಳಲ್ಲಿ ರಸ್ತೆಗೆ ತಾಗುವ ರಬ್ಬರೇ ಕಡಿಮೆ. ಇನ್ನು ನಾಲ್ಕೂ ಟಯರು ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವಕಲು ಇರಬೇಕು. ಸುತ್ತಳತೆ ಬೇರೆಯಾದರೆ ಫೋರ್ ವೀಲ್‌ನಲ್ಲಿ ನೇರ ರಸ್ತೆಯಲ್ಲೂ ಅದೇ ಬಿಗಿತ ಹುಟ್ಟುತ್ತದೆ.

“ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿತಾಯ”

ಬೇಡವೇ ಬೇಡ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ. ಇಲ್ಲವಾದರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾದು ಕೈಕೊಡುತ್ತದೆ. ಗೇರ್ ಇಳಿಸುವುದನ್ನು ತಿರುವಿಗೆ ಮೊದಲೇ ಮುಗಿಸಿ, ಕ್ಲಚ್ ಮೆಲ್ಲಗೆ ಬಿಡಿ. ಒಮ್ಮೆಲೇ ಬಿಟ್ಟರೆ ಹಿಂದಿನ ಚಕ್ರ ಜಾರುತ್ತದೆ.

“ಎತ್ತರದ ಗಾಡಿ, ನೀರಿಗಿಳಿಸಬಹುದು”

ಹರಿಯುವ ನೀರಿಗೆ ಖಂಡಿತ ಬೇಡ. ಎರಡು ಅಡಿ ಆಳದ ಹರಿವು ಜೀಪನ್ನೂ ಎಳೆದುಕೊಂಡು ಹೋಗಬಲ್ಲದು. ನಿಂತ ನೀರಿನಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಸಿಲಿಂಡರಿಗೆ ನೀರು ಹೋಗಿದ್ದರೆ ಎಂಜಿನ್ನೇ ಮುರಿಯುತ್ತದೆ. ದಾಟಿ ಬಂದ ಮೇಲೆ ಡ್ರಮ್ ಬ್ರೇಕ್ ಒದ್ದೆಯಾಗಿ ಹಿಡಿಯುವುದಿಲ್ಲ. ನಿಧಾನವಾಗಿ ಹೋಗುತ್ತಾ ಹಗುರವಾಗಿ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ.

ಇನ್ನೊಂದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಓಡಿ ಕಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಆಯಿಲ್ ಸೀಲಿನಿಂದಲೋ ಬ್ರೀದರ್ ಕೊಳವೆಯಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಳದ ನೀರು ದಾಟಿದ್ದರೆ ಗ್ಯಾರೇಜಿನಲ್ಲಿ ಮುಂದಿನ, ಹಿಂದಿನ ಎರಡೂ ಡಿಫರೆನ್ಶಿಯಲ್‌ಗಳ ಆಯಿಲ್ ತೆಗೆಸಿ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಆಯಿಲ್ ಬದಲಿಸಿ, ಸೀಲ್ ಹಾಕಿಸುವ ತನಕ ಆ ಗಾಡಿ ಘಾಟಿಗೆ ಬೇಡ.