ಸ್ಕ್ರೈಬ್ ಸಿಕ್ಕರೂ ಕನ್ನಡ ಬರೆಯುವವರಿಲ್ಲ: ಗಡಿನಾಡಿನ ವಿಕಲಚೇತನ ವಿದ್ಯಾರ್ಥಿಗಳ ಪರೀಕ್ಷೆಯ ಕಷ್ಟ



ಕೆಲವು ವರ್ಷಗಳ ಹಿಂದಿನ ಮಾತು. ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು ತಂದೆಯ ಜೊತೆ ನಮ್ಮ ಮನೆಗೆ ಬಂದಳು. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಅವಳು ಹೇಳಿದ ಉತ್ತರವನ್ನು ಬರೆದುಕೊಡಲು ಕಾಲೇಜಿನವರು ಒಬ್ಬ ಸ್ಕ್ರೈಬನ್ನು, ಅಂದರೆ ಲಿಪಿಕಾರರನ್ನು, ಗೊತ್ತುಮಾಡಿದ್ದರು. ಆ ಹುಡುಗಿಯ ಅಕ್ಷರವೇನೋ ಮುತ್ತಿನಂತಿತ್ತು. ಆದರೆ ಅವಳು ಕಲಿತದ್ದೆಲ್ಲ ಮಲಯಾಳ ಮಾಧ್ಯಮದಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಬರೆಯಲು ಬಾರದು. ಇತಿಹಾಸದ ಪತ್ರಿಕೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ದ್ವಿತೀಯ ಭಾಷೆ ಕನ್ನಡದ ಪತ್ರಿಕೆಗೆ ಏನು ಮಾಡುವುದು?

ತಂದೆ ಕಚೇರಿಯಲ್ಲಿ ಕೇಳಿದ್ದಾರೆ. "ಕಾನೂನಿನಲ್ಲಿ ಇಂಥ ಮಕ್ಕಳಿಗೆ ದ್ವಿತೀಯ ಭಾಷೆಯಿಂದ ವಿನಾಯಿತಿ ಉಂಟಲ್ಲ, ಕನ್ನಡ ಬಿಟ್ಟುಬಿಡಲಿ" ಎಂದು ಉತ್ತರ ಬಂತಂತೆ. ಹುಡುಗಿ ನನ್ನಲ್ಲಿ ಹೇಳಿದ್ದು ಇಷ್ಟೇ: "ಮಾಸ್ಟ್ರೇ, ನನಗೆ ಪಾಠ ಕೇಳುವಾಗ ಖುಷಿಯಾಗುವುದು ಅದೊಂದರಲ್ಲೇ."

ಕಚೇರಿಯವರು ಹೇಳಿದ್ದು ಸುಳ್ಳೇನೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೆಯ ಕಲಮಿನಲ್ಲಿ ಪರೀಕ್ಷೆಗೆ ಹೆಚ್ಚಿನ ಸಮಯ, ಲಿಪಿಕಾರರ ಸೌಲಭ್ಯ, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಮೂರನ್ನೂ ಒಟ್ಟಿಗೆ ಹೇಳಿದೆ. ಆದರೆ ಅದೇ ವಾಕ್ಯದಲ್ಲಿ, ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕಂತೆ ಎಂಬ ಮಾತೂ ಇದೆ. ಎರಡನೆಯ ಭಾಷೆ ಭಾರವಾಗುವ ಮಗುವಿಗೆ ವಿನಾಯಿತಿ ದೊಡ್ಡ ಉಪಕಾರ. ಲಿಪಿಕಾರರನ್ನು ಹುಡುಕುವ ಕೆಲಸ ತಪ್ಪಿಸಿಕೊಳ್ಳಲು ಕಾಲೇಜಿಗೆ ಕೊಟ್ಟ ವಿನಾಯಿತಿ ಅಲ್ಲ ಅದು. ಗಡಿನಾಡಿನಲ್ಲಿ ಈ ವ್ಯತ್ಯಾಸವನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇಲ್ಲಿ 'ಎರಡನೆಯ ಭಾಷೆ' ಎಂದು ಅರ್ಜಿಯಲ್ಲಿ ಬರೆಯುವುದು ಎಷ್ಟೋ ಸಲ ಮಗುವಿನ ತಾಯ್ನುಡಿಯನ್ನೇ.

ನಿಯಮ ಏನು ಹೇಳುತ್ತದೆ ಎಂದು ಮೊದಲು ನೋಡೋಣ. ಕೇಂದ್ರ ಸರಕಾರ 2013ರಲ್ಲಿ ಲಿಖಿತ ಪರೀಕ್ಷೆಗಳಿಗೆ ಮಾರ್ಗಸೂಚಿ ಹೊರಡಿಸಿತು; 2018ರ ಆಗಸ್ಟ್‌ನಲ್ಲಿ ಅದನ್ನು ಪರಿಷ್ಕರಿಸಿತು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇರುವವರಿಗೆ ಇದು ಅನ್ವಯ. ಕಣ್ಣು ಕಾಣದವರು, ಎರಡೂ ಕೈಗಳಿಗೆ ತೊಂದರೆ ಇರುವವರು, ಸೆರೆಬ್ರಲ್ ಪಾಲ್ಸಿ ಇರುವವರು ಬಯಸಿದರೆ ಲಿಪಿಕಾರರನ್ನು ಕೊಡಲೇಬೇಕು. ಉಳಿದವರು ಬರೆಯಲು ಕಷ್ಟವಿದೆ ಎಂದು ಸರಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಅಧೀಕ್ಷಕರಿಂದ ಬೇರೆ ಪತ್ರ ತರಬೇಕು. ಸಮಯದ ಲೆಕ್ಕ ಗಂಟೆಗೆ ಕನಿಷ್ಠ 20 ನಿಮಿಷ: ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ, ಎರಡೂವರೆ ಗಂಟೆಯದಕ್ಕೆ 50 ನಿಮಿಷ. ಇದನ್ನು 'ಹೆಚ್ಚುವರಿ ಸಮಯ' ಎನ್ನಬೇಡಿ, 'ಪರಿಹಾರ ಸಮಯ' ಎನ್ನಿ ಎಂದು ಆ ಮಾರ್ಗಸೂಚಿಯೇ ಹೇಳುತ್ತದೆ. ಹೆಚ್ಚುವರಿ ಎಂದರೆ ಉದಾರವಾಗಿ ಕೊಟ್ಟದ್ದು ಎಂದಾಗುತ್ತದೆ; ಇದು ಕಳೆದುಹೋಗುವ ಸಮಯವನ್ನು ತುಂಬಿಕೊಡುವುದು.

ಶೇಕಡಾ 40ಕ್ಕಿಂತ ಕಡಿಮೆ ಇರುವವರ ಗತಿ? ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ವಿಕಾಸ್ ಕುಮಾರ್ ಎಂಬವರಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರನ್ನು ನಿರಾಕರಿಸಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 2021ರ ಫೆಬ್ರವರಿಯಲ್ಲಿ ತೀರ್ಪು ಬಂತು: ಲಿಪಿಕಾರರನ್ನು ಪಡೆಯಲು ಶೇಕಡಾ 40ರ ಗಡಿ ದಾಟಿರಬೇಕಾಗಿಲ್ಲ. ಅದರಂತೆ 2022ರ ಆಗಸ್ಟ್‌ನಲ್ಲಿ ಇಂಥವರಿಗಾಗಿ ಪ್ರತ್ಯೇಕ ಮಾರ್ಗಸೂಚಿ ಬಂತು. ಡಿಸ್‌ಗ್ರಾಫಿಯಾ, ಡಿಸ್‌ಲೆಕ್ಸಿಯಾ ಇರುವ ಮಕ್ಕಳ ತಂದೆತಾಯಿ ಇದನ್ನು ನೆನಪಿಟ್ಟುಕೊಳ್ಳಿ. ಕಲಿಕೆಯ ಈ ತೊಂದರೆಗಳು 2016ರ ಕಾಯ್ದೆಯ 21 ಬಗೆಯ ವೈಕಲ್ಯಗಳ ಪಟ್ಟಿಯಲ್ಲಿವೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳೇ ಬಗೆ.

ಈಗ ನಮ್ಮ ಹುಡುಗಿಯ ವಿಷಯಕ್ಕೆ ಬರೋಣ. ನಾನೇ ಹೋಗಿ ಬರೆದುಕೊಡಲು ತಯಾರಿದ್ದೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ಆದರೆ ನಿಯಮ ಬಿಡುವುದಿಲ್ಲ. ವಿದ್ಯಾರ್ಥಿ ತಾನೇ ಲಿಪಿಕಾರರನ್ನು ಕರೆತಂದರೆ ಅವರ ವಿದ್ಯಾರ್ಹತೆ ವಿದ್ಯಾರ್ಥಿಯದಕ್ಕಿಂತ ಒಂದು ಹಂತ ಕೆಳಗಿರಬೇಕು ಎಂದು 2018ರ ಮಾರ್ಗಸೂಚಿ ಹೇಳುತ್ತದೆ. ಬರೆಯುವವನೇ ಉತ್ತರ ಹೇಳಿಬಿಡಬಾರದಲ್ಲ, ನ್ಯಾಯವೇ. ಆದರೆ ಗಡಿನಾಡಿನಲ್ಲಿ ಇದರ ಪರಿಣಾಮ ನೋಡಿ. ಕನ್ನಡ ಚೆನ್ನಾಗಿ ಬರೆಯಬಲ್ಲ ನಾವು, ನಿವೃತ್ತ ಮಾಸ್ತರರು, ಟೀಚರುಗಳು, ಯಾರೂ ಆಗುವುದಿಲ್ಲ. ಬೇಕಾದವರು ಹದಿನಾರು, ಹದಿನೆಂಟು ವರ್ಷದ ಮಕ್ಕಳು. ಆ ವಯಸ್ಸಿನಲ್ಲಿ ತಪ್ಪಿಲ್ಲದೆ ವೇಗವಾಗಿ ಕನ್ನಡ ಬರೆಯುವವರು ನಮ್ಮ ಕಡೆ ವರ್ಷದಿಂದ ವರ್ಷಕ್ಕೆ ಕಡಿಮೆ. ತಾಳವಾಡಿ, ಹೊಸೂರು, ಅಕ್ಕಲಕೋಟೆ, ಜತ್ತದ ಕಡೆಯ ಗೆಳೆಯರ ಅನುಭವವೂ ಬೇರೆ ಇರಲಾರದು. ಅಲ್ಲಿ ಮಲಯಾಳದ ಜಾಗದಲ್ಲಿ ತಮಿಳೋ ಮರಾಠಿಯೋ ಇರುತ್ತದೆ, ಅಷ್ಟೇ. ಕನ್ನಡ ಶಾಲೆಯಲ್ಲಿ ಒಂದು ತರಗತಿ ಮುಚ್ಚಿದರೆ ಅಲ್ಲಿ ಕೂರಬೇಕಾಗಿದ್ದ ಮಕ್ಕಳಿಗೆ ಮಾತ್ರ ನಷ್ಟ ಎಂದುಕೊಂಡಿದ್ದೆ. ಹೀಗೂ ಒಂದು ನಷ್ಟ ಉಂಟೆಂದು ಆಗ ಗೊತ್ತಾಯಿತು.

ಕೊನೆಗೆ ಪಕ್ಕದ ಮನೆಯ ಪ್ಲಸ್ ವನ್ ಹುಡುಗಿ, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಒಪ್ಪಿಕೊಂಡಳು. ಒಂದು ದಿನದ ಶಾಲೆ ತಪ್ಪಿಸಬೇಕಾಯಿತು. ಬೇರೆ ಬೇರೆ ಪತ್ರಿಕೆಗೆ, ಅದರಲ್ಲೂ ಭಾಷಾ ಪತ್ರಿಕೆಗೆ, ಬೇರೆ ಬೇರೆ ಲಿಪಿಕಾರರನ್ನು ಇಟ್ಟುಕೊಳ್ಳಬಹುದು ಎಂದು ಮಾರ್ಗಸೂಚಿಯಲ್ಲೇ ಇದೆ. ಈ ಒಂದು ಸಾಲನ್ನು ಗಡಿನಾಡಿನ ಪ್ರತಿ ಕಾಲೇಜಿನ ಕಚೇರಿಯಲ್ಲಿ ಅಂಟಿಸಿಡಬೇಕು. ನಾವು ಆ ಸಾಲಿಗೆ ಗೆರೆ ಹಾಕಿ ಕೊಟ್ಟ ಮೇಲೆ ಕಚೇರಿಯವರು ತಕರಾರು ಮಾಡಲಿಲ್ಲ.

ಪರೀಕ್ಷೆಗೆ ಎರಡು ದಿನ ಮೊದಲು ಲಿಪಿಕಾರರನ್ನು ಭೇಟಿಯಾಗುವ ಅವಕಾಶವೂ ಇದೆ. ಅದನ್ನು ಬಿಡಬೇಡಿ. ಇಬ್ಬರನ್ನೂ ನಮ್ಮ ಜಗಲಿಯಲ್ಲಿ ಕೂರಿಸಿ ಹಳೆಯ ಪ್ರಶ್ನೆಪತ್ರಿಕೆ ಬರೆಸಿದೆವು. ಆಗ ಗೊತ್ತಾದ ಸಂಗತಿಗಳು ಯಾವ ಸುತ್ತೋಲೆಯಲ್ಲೂ ಇಲ್ಲ. ಹೇಳುವವಳು 'ವಿಶೇಷ' ಎಂದರೆ ಬರೆಯುವವಳು ಯಾವ ಶ, ಯಾವ ಷ ಎಂದು ನಿಲ್ಲಿಸಿ ಕೇಳಬಾರದು. ತಾನೇ ಸರಿ ಬರೆಯಬೇಕು. ಕರಾವಳಿಯ ನಮ್ಮ ಬಾಯಲ್ಲಿ ಮಹಾಪ್ರಾಣ ಅಷ್ಟಾಗಿ ಕೇಳಿಸುವುದಿಲ್ಲ, ಹಾಗಾಗಿ ಕಿವಿಯನ್ನು ನಂಬಿ ಬರೆದರೆ ಅಂಕ ಹೋಗುತ್ತದೆ. ಪ್ಯಾರಾ ಎಲ್ಲಿ ಬಿಡಬೇಕು, ಎಲ್ಲಿ ಗೆರೆ ಹಾಕಬೇಕು ಎಂದು ಹೇಳುವುದಕ್ಕೂ ಅಭ್ಯಾಸ ಬೇಕು. ಕನ್ನಡವನ್ನೇ ಮುಖ್ಯ ವಿಷಯವಾಗಿ ಓದುವವರಿಗೆ ಛಂದಸ್ಸಿನ ಪ್ರಶ್ನೆ ಬಂದರೆ ಕಷ್ಟ ಇನ್ನೂ ಹೆಚ್ಚು. ಉತ್ಪಲಮಾಲೆಯ ಒಂದು ಸಾಲಿಗೆ ಪ್ರಸ್ತಾರ ಹಾಕಬೇಕೆಂದರೆ 20 ಅಕ್ಷರ. ಕಣ್ಣಿರುವವರು ಮೇಲೆ ಗುರುತು ಹಾಕುತ್ತಾ ಹೋಗುತ್ತಾರೆ. ಇವರು "ಗುರು, ಲಘು, ಲಘು" ಎಂದು ಒಂದೊಂದೇ ಹೇಳಬೇಕು, ಬರೆಯುವವರು ಸರಿಯಾದ ಅಕ್ಷರದ ತಲೆಯ ಮೇಲೆಯೇ ಅಡ್ಡಗೆರೆಯನ್ನೋ ಬಟ್ಟಲಿನಂಥ ಗುರುತನ್ನೋ ಇಡಬೇಕು, ಮೂರಕ್ಕೊಂದರಂತೆ ಗಣ ಕತ್ತರಿಸಬೇಕು. ಗಂಟೆಗೆ 20 ನಿಮಿಷ ಏಕೆ ಎಂದು ಕೇಳುವವರು ಒಮ್ಮೆ ಎದುರು ಕುಳಿತು ನೋಡಲಿ.

ಆ ಸಮಯ ಕಾಗದದಲ್ಲಿ ಇದ್ದರೆ ಸಾಲದು, ಪರೀಕ್ಷಾ ಕೊಠಡಿಯಲ್ಲಿ ನಿಂತವರಿಗೂ ಗೊತ್ತಿರಬೇಕು. 2021ರ ನೀಟ್ ಪರೀಕ್ಷೆಯಲ್ಲಿ ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಯೊಬ್ಬಳಿಗೆ ಕೇಂದ್ರದವರು ಆ ಒಂದು ಗಂಟೆಯನ್ನು ಕೊಡಲಿಲ್ಲ. ಅವಳು ಸುಪ್ರೀಂ ಕೋರ್ಟಿನವರೆಗೆ ಹೋದಳು. ಅವಳಿಗೆ ಅನ್ಯಾಯವಾಗಿದೆ, ಅದನ್ನು ಸರಿಪಡಿಸುವ ದಾರಿ ನೋಡಿ ಎಂದು ಕೋರ್ಟು ಪರೀಕ್ಷಾ ಸಂಸ್ಥೆಗೆ ಹೇಳಿತು. ಆದರೆ ಮರುಪರೀಕ್ಷೆ ಮಾಡಿಸಲಿಲ್ಲ. ಆದ್ದರಿಂದ ವಿಶ್ವವಿದ್ಯಾಲಯದ ಅನುಮತಿ ಪತ್ರದ ಪ್ರತಿಯೊಂದು ವಿದ್ಯಾರ್ಥಿಯ ಕೈಯಲ್ಲೇ ಇರಲಿ. ಪರೀಕ್ಷೆಯ ದಿನ ಬೆಳಗ್ಗೆ ಮುಖ್ಯ ಮೇಲ್ವಿಚಾರಕರಿಗೆ ತೋರಿಸಿ, ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಅವರ ಬಾಯಿಂದಲೇ ಕೇಳಿಕೊಳ್ಳಿ.

ಗಡಿ ದಾಟಿ ಓದುವವರಿಗೆ ಇನ್ನೊಂದು ಮಾತು. ಮಂಜೇಶ್ವರದವರು ಮಂಗಳೂರಿಗೆ, ಜತ್ತದವರು ವಿಜಯಪುರಕ್ಕೆ, ತಾಳವಾಡಿಯವರು ಚಾಮರಾಜನಗರಕ್ಕೆ ಹೋಗುವುದುಂಟು. "ಇದು ಕೇರಳದ ಸರ್ಟಿಫಿಕೇಟು, ಇಲ್ಲಿ ನಡೆಯುವುದಿಲ್ಲ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಾಯ್ದೆಯ 58ನೆಯ ಕಲಮಿನ ಪ್ರಕಾರ ವೈಕಲ್ಯ ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆ ಇದೆ. ಯುಡಿಐಡಿ ಕಾರ್ಡ್ ಇದ್ದರೆ ಈ ವಾದವೇ ಹುಟ್ಟುವುದಿಲ್ಲ, ಮಾಡಿಸಿಕೊಳ್ಳದವರು ಮಾಡಿಸಿಕೊಳ್ಳಿ. ಆದರೆ ರಾಜ್ಯ ಸರಕಾರದ ವಿದ್ಯಾರ್ಥಿವೇತನ, ಬಸ್ ಪಾಸುಗಳ ವಿಷಯ ಬೇರೆ. ಅವಕ್ಕೆ ವಾಸಸ್ಥಳದ ಷರತ್ತು ಇರಬಹುದು. ಎರಡನ್ನೂ ಬೆರೆಸಿ ಜಗಳ ಮಾಡಿದರೆ ನಮ್ಮ ವಾದವೇ ಸಡಿಲವಾಗುತ್ತದೆ.

ಇನ್ನು ತರಗತಿ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಪಾಠ ದಿನಾ. ಕಿವಿ ಮಂದವಿರುವ ಹುಡುಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಸಾಲದು. ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳಿದರೆ ತುಟಿ ನೋಡಿ ತಿಳಿದುಕೊಳ್ಳುವವನಿಗೆ ಏನೂ ಸಿಗುವುದಿಲ್ಲ. ನಾನೂ ಮೂವತ್ತು ವರ್ಷ ಹಾಗೆಯೇ ಮಾಡಿದ್ದೇನೆ, ಯಾರೂ ಹೇಳಿರಲಿಲ್ಲ. ಗಾಲಿಕುರ್ಚಿಯವರಿದ್ದರೆ ಆ ತರಗತಿಯನ್ನು ನೆಲಮಹಡಿಗೆ ತರುವುದಕ್ಕೆ ಹಣ ಬೇಡ, ವೇಳಾಪಟ್ಟಿ ಮಾಡುವವರ ಮನಸ್ಸು ಬೇಕು.

ಕಣ್ಣು ಕಾಣದವರಿಗೆ ಕನ್ನಡ ಅಧ್ಯಾಪಕರು ಮಾಡಬಹುದಾದ ಅತಿ ದೊಡ್ಡ ಸಹಾಯ ಟೈಪು ಮಾಡುವ ಕ್ರಮದಲ್ಲಿದೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನ ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ನೋಟ್ಸನ್ನು ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಟೈಪು ಮಾಡಿದ್ದರೆ ನಮ್ಮ ಕಣ್ಣಿಗೆ ಕನ್ನಡ ಕಾಣಿಸಿದರೂ ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನೇ ಯೂನಿಕೋಡಿನಲ್ಲಿ ಮಾಡಿದರೆ ಸರಾಗವಾಗಿ ಓದುತ್ತದೆ. ಹಳೆಯ ಕಡತಗಳನ್ನು ಬದಲಾಯಿಸಿಕೊಡುವ ಪರಿವರ್ತಕಗಳೂ ಇವೆ. ಪುಟದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳುಹಿಸುವುದು ಇವರಿಗೆ ಪ್ರಯೋಜನವಿಲ್ಲ. ಪಠ್ಯಪುಸ್ತಕವನ್ನು ಟೈಪು ಮಾಡಿಕೊಟ್ಟರೆ ಹಕ್ಕುಸ್ವಾಮ್ಯದ ತೊಂದರೆ ಬರುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಓದಲಾಗದವರಿಗೆ ಲಾಭದ ಉದ್ದೇಶವಿಲ್ಲದೆ ಇಂಥ ಪ್ರತಿ ಮಾಡಿಕೊಡಲು 2012ರ ತಿದ್ದುಪಡಿಯಿಂದ ಕಾನೂನೇ ಅವಕಾಶ ಕೊಟ್ಟಿದೆ.

ಅರ್ಜಿಯನ್ನು ಪರೀಕ್ಷಾ ಶುಲ್ಕ ಕಟ್ಟುವಾಗಲ್ಲ, ಸೆಮಿಸ್ಟರ್ ಆರಂಭದಲ್ಲೇ ಕೊಡಿ. ಯಾವ ಪತ್ರಿಕೆಗೆ ಕನ್ನಡ ಬರೆಯಬಲ್ಲ ಲಿಪಿಕಾರರು ಬೇಕು ಎಂದು ಅದರಲ್ಲೇ ಸ್ಪಷ್ಟವಾಗಿ ಬರೆಯಿರಿ. ಕೇಂದ್ರದ ಮಾರ್ಗಸೂಚಿ ಆಗಾಗ ಬದಲಾಗುತ್ತದೆ, ವಿಶ್ವವಿದ್ಯಾಲಯಗಳ ಆದೇಶಗಳೂ ಒಂದೇ ತರ ಇರುವುದಿಲ್ಲ. ಆ ವರ್ಷದ ಸುತ್ತೋಲೆಯನ್ನು ಕೇಳಿ ಪಡೆದುಕೊಳ್ಳಿ. ಕುಂದುಕೊರತೆಯನ್ನು ಯಾವ ಅಧಿಕಾರಿಗಾದರೂ ಕನ್ನಡದಲ್ಲೇ ಬರೆದುಕೊಡುವ ಹಕ್ಕು ಸಂವಿಧಾನದ 350ನೆಯ ವಿಧಿಯಲ್ಲಿದೆ. ಆದರೂ ಜೊತೆಗೊಂದು ಇಂಗ್ಲಿಷ್ ಪ್ರತಿ ಇಟ್ಟರೆ ಭಾಷಾಂತರಕ್ಕೆಂದು ಕಡತ ಕೂರುವುದು ತಪ್ಪುತ್ತದೆ. ಕಾಲೇಜಿನಲ್ಲಿ ಕೆಲಸವಾಗದಿದ್ದರೆ ಕಾಲೇಜು ಇರುವ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕೇಂದ್ರ ಸರಕಾರದ ಸಂಸ್ಥೆಗಳಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ.

ಸಂಘದಿಂದ ಒಂದು ಸಣ್ಣ ಪಟ್ಟಿ ಮಾಡುತ್ತಿದ್ದೇವೆ. ಹತ್ತನೆಯ ತರಗತಿ ಮುಗಿಸಿದ, ಪ್ಲಸ್ ಟು ಅಥವಾ ಪದವಿ ಓದುತ್ತಿರುವ, ಕನ್ನಡವನ್ನು ತಪ್ಪಿಲ್ಲದೆ ಬರೆಯಬಲ್ಲ ಮಕ್ಕಳು ಹೆಸರು ಕೊಡಬಹುದು. ಯಾವ ತರಗತಿ, ಯಾವ ಊರು, ತಮ್ಮದೇ ಪರೀಕ್ಷೆ ಯಾವಾಗ ಎಂಬುದನ್ನೂ ತಿಳಿಸಬೇಕು. ಎರಡೂ ಒಂದೇ ದಿನ ಬಂದರೆ ಕಷ್ಟ. ಅಭ್ಯಾಸಕ್ಕೆ ಕೂರಿಸುವ ಕೆಲಸ ನಮ್ಮಂಥ ನಿವೃತ್ತರದು. ಲಿಪಿಕಾರರು ಬೇಕಾದ ವಿದ್ಯಾರ್ಥಿಗಳೂ ಸಂಘದ ಕಚೇರಿಗೆ ಈಗಲೇ ತಿಳಿಸಿರಿ, ಹನ್ನೆರಡು ದಿನ ಉಳಿದಾಗ ಅಲ್ಲ. ಆ ಪ್ಲಸ್ ವನ್ ಹುಡುಗಿಯ ಹೆಸರು ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಅವಳೀಗ ಪದವಿ ಮುಗಿಸಿದ್ದಾಳೆ, ನಿಯಮದ ಪ್ರಕಾರ ಬಿ.ಎ. ಮಕ್ಕಳಿಗೆ ಬರೆಯುವಂತಿಲ್ಲ, ಅವಳ ಜಾಗ ಖಾಲಿ ಇದೆ.